ಕಾಲಿಗೆ ಚಕ್ರ ಕಟ್ಟಿಕೊಂಡ ಮಕ್ಕಳು: ಕೋದಂಡದಿಂದ ಶಾಲೆಯ ಡೈರಿಯವರೆಗೆ

ನನ್ನ ಮಗ ಎರಡನೆಯ ಇಯತ್ತೆಯಲ್ಲಿದ್ದ ವರ್ಷದ ಶಾಲೆಯ ಡೈರಿ ಇನ್ನೂ ನನ್ನ ಕಪಾಟಿನಲ್ಲಿದೆ. ಪುಟ ತಿರುವಿದರೆ ಬರೀ ಕೆಂಪು ಶಾಯಿ. ‘ಜಾಗದಲ್ಲಿ ಕೂರುವುದಿಲ್ಲ’, ‘ಬೋರ್ಡಿನ ಮೇಲಿನದನ್ನು ಪೂರ್ತಿ ಬರೆದುಕೊಂಡಿಲ್ಲ’, ‘ಪಕ್ಕದವರಿಗೆ ತೊಂದರೆ ಕೊಡುತ್ತಾನೆ’, ‘ಪಾಲಕರು ಬಂದು ಭೇಟಿಯಾಗಬೇಕು’. ಜೂನ್ ತಿಂಗಳಿಂದ ದೀಪಾವಳಿ ರಜೆಯವರೆಗೆ ಒಮ್ಮೆ ಎಣಿಸಿದ್ದೆ, 41 ಟಿಪ್ಪಣಿಗಳಿದ್ದವು. ಅವುಗಳಲ್ಲಿ ಒಂದಾದರೂ ಅವನು ಸರಿಯಾಗಿ ಮಾಡಿದ ಕೆಲಸದ ಬಗ್ಗೆ ಇರಲಿಲ್ಲ.

ಆಗ ಧಾರವಾಡದಿಂದ ಬಂದಿದ್ದ ನಮ್ಮ ಅತ್ತೆ ಡೈರಿಯನ್ನು ನೋಡಲೂ ಇಲ್ಲ. “ಇವನ ಕಾಲಾಗ ಚಕ್ರ ಅದ ನೋಡವಾ. ಇವರಪ್ಪನೂ ಹಿಂಗ ಇದ್ದ” ಅಂದರು. ಪಕ್ಕದ ಫ್ಲಾಟಿನ ಮರಾಠಿ ಕಾಕೂ ಅದೇ ಮಾತನ್ನು ತಮ್ಮ ಭಾಷೆಯಲ್ಲಿ ‘ಪಾಯಾಲಾ ಭಿಂಗರೀ’ ಅಂದರು, ಅಂದರೆ ಕಾಲಿಗೆ ಬುಗುರಿ ಕಟ್ಟಿದೆ ಅಂತ. ಶಾಲೆಯವರು ಶಿಸ್ತಿಲ್ಲ ಅಂದರು. ದೂರದ ಸಂಬಂಧಿಕರೊಬ್ಬರು ಹುಡುಗನ ಬಗ್ಗೆ ಏನೂ ಹೇಳದೆ, “ತಾಯಿ ನೌಕರಿಗೆ ಹೋದರೆ ಹೀಗೇ” ಎಂದು ಮುಗಿಸಿದರು. ಒಂದೇ ಮಗು, ನಾಲ್ಕು ಹೆಸರು. ಯಾವ ಹೆಸರು ಅಂಟಿಕೊಳ್ಳುತ್ತದೋ ಅದರ ಮೇಲೆ ತಪ್ಪು ಯಾರದ್ದು, ಸರಿಪಡಿಸಬೇಕಾದವರು ಯಾರು ಎನ್ನುವುದು ತೀರ್ಮಾನವಾಗುತ್ತದೆ. ಈ ಹೆಸರುಗಳ ಹಿಂದೆ ಹೋಗಿ ನೋಡಬೇಕು ಅನ್ನಿಸಿದ್ದು ಆವಾಗ. ಈಗ ವೈದ್ಯರು ಎ.ಡಿ.ಎಚ್.ಡಿ. ಎನ್ನುವ ಈ ತೊಂದರೆ ನಿನ್ನೆ ಮೊಬೈಲಿನ ಜೊತೆ ಹುಟ್ಟಿದ್ದಲ್ಲ. ಹಾಗಾದರೆ ನಮ್ಮ ಅಜ್ಜ ಮುತ್ತಜ್ಜಂದಿರ ಕಾಲದಲ್ಲಿ ಈ ಮಕ್ಕಳು ಎಲ್ಲಿದ್ದರು?

ಕನ್ನಡ ನಾಡಿನ ಹಳೆಯ ಶಾಲೆಗಳ ಬಗ್ಗೆ ಸಿಗುವ ವಿವರವಾದ ವರದಿಗಳಲ್ಲಿ ಒಂದು ಬಳ್ಳಾರಿಯದು. ಆಗ ಅದು ಮದ್ರಾಸ್ ಪ್ರಾಂತದಲ್ಲಿತ್ತು. ಗವರ್ನರ್ ಥಾಮಸ್ ಮನ್ರೋ ಪ್ರತಿ ಜಿಲ್ಲೆಯ ಶಾಲೆಗಳ ಲೆಕ್ಕ ಕೇಳಿದಾಗ ಅಲ್ಲಿನ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್‌ನಲ್ಲಿ ಉತ್ತರ ಬರೆದ. ಜಿಲ್ಲೆಯಲ್ಲಿ 533 ಶಾಲೆ, 6,641 ಮಕ್ಕಳು. ಮಕ್ಕಳು ಮೊದಲು ಅಕ್ಷರ ಕಲಿಯುತ್ತಿದ್ದದ್ದು ನೆಲದ ಮೇಲೆ ಹರಡಿದ ಮರಳಿನಲ್ಲಿ, ಬೆರಳಿನಿಂದ. ಬರೆಯುತ್ತ ಗಟ್ಟಿಯಾಗಿ ಹೇಳಬೇಕು. ದೊಡ್ಡ ಹುಡುಗರು ಚಿಕ್ಕವರಿಗೆ ಹೇಳಿಕೊಡುತ್ತಿದ್ದರು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದವನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರಂತೆ, ಎರಡನೆಯವನಿಗೆ ಸೊನ್ನೆ, ಮೂರನೆಯವನಿಗೆ ಒಂದು ಮೆಲ್ಲನೆಯ ಛಡಿ ಏಟು, ಆಮೇಲೆ ಬಂದವರಿಗೆ ಒಂದೊಂದು ಹೆಚ್ಚು.

ಶಿಕ್ಷೆಗಳನ್ನೂ ಕ್ಯಾಂಪ್‌ಬೆಲ್ ಬರೆದಿದ್ದಾನೆ. ಓದದ ಹುಡುಗನ ಎರಡೂ ಕೈ ಕಟ್ಟಿ ರಾಟೆಯಿಂದ ಮೇಲಿನ ಜಂತಿಗೆ ತೂಗುಬಿಡುವುದು ಒಂದು. ನಮ್ಮ ಹಿರಿಯರ ಬಾಯಲ್ಲಿ ಕೇಳಿದ ‘ಕೋದಂಡ ಏರಿಸುವುದು’ ಇದೇ. ಇನ್ನೊಂದು, ಬಿಡುವಿಲ್ಲದೆ ಕೂತು ಎದ್ದು ಮಾಡಿಸುವುದು, ನಮ್ಮ ಬಸ್ಕಿ. ಇದು ನೋವಿನದಾದರೂ ಮೈಗೆ ಒಳ್ಳೆಯದಿರಬಹುದು ಎಂದು ಸಾಹೇಬ ತನ್ನದೊಂದು ಷರಾ ಬೇರೆ ಸೇರಿಸಿದ್ದಾನೆ!

ಈ ಶಾಲೆಗಳನ್ನು ಹೊಗಳಲು ನನಗೆ ಮನಸ್ಸಿಲ್ಲ. ಕೋದಂಡಕ್ಕೇರಿದವರಲ್ಲಿ ಎಷ್ಟು ಮಂದಿ ನನ್ನ ಮಗನಂಥವರು ಇದ್ದರೋ ಯಾರು ಬಲ್ಲರು. ಹುಡುಗಿಯರಂತೂ ಅಲ್ಲಿ ಇರಲೇ ಇಲ್ಲವೆನ್ನಬೇಕು. ಆದರೂ ಒಂದು ಮಾತು ಒಪ್ಪಿಕೊಳ್ಳಬೇಕು. ಆ ಶಾಲೆಯಲ್ಲಿ ಕೈ ಮರಳಿನಲ್ಲಿ ಆಡುತ್ತಿತ್ತು, ಬಾಯಿ ಗಟ್ಟಿಯಾಗಿ ಹೇಳುತ್ತಿತ್ತು, ಒಬ್ಬೊಬ್ಬ ಹುಡುಗ ತನ್ನ ವೇಗದಲ್ಲಿ ಮುಂದೆ ಹೋಗುತ್ತಿದ್ದ. 40 ಮಕ್ಕಳು ಒಂದೇ ಪುಟವನ್ನು ಒಂದೇ ಹೊತ್ತಿನಲ್ಲಿ ತುಟಿ ಬಿಚ್ಚದೆ ಓದಬೇಕು ಎಂಬ ನಿಯಮ ಇರಲಿಲ್ಲ. ಮದ್ರಾಸಿನ ಅನಾಥ ಬಾಲಕರ ಶಾಲೆಯ ಮೇಲ್ವಿಚಾರಕನಾಗಿದ್ದ ಆಂಡ್ರ್ಯೂ ಬೆಲ್ ಈ ಮರಳು ಬರಹವನ್ನೂ ಹುಡುಗರೇ ಹುಡುಗರಿಗೆ ಕಲಿಸುವ ಕ್ರಮವನ್ನೂ ನೋಡಿ, ಅಳವಡಿಸಿ, 1797ರಲ್ಲಿ ಇಂಗ್ಲೆಂಡಿನಲ್ಲಿ ಪುಸ್ತಕ ಪ್ರಕಟಿಸಿದ. ಅದು ‘ಮದ್ರಾಸ್ ಪದ್ಧತಿ’ ಎಂದು ಅಲ್ಲಿ ಹೆಸರಾಯಿತು. ನಮ್ಮ ಮರಳು ಅಲ್ಲಿಗೆ ಹೋಯಿತು, ಅವರ ಬೆಂಚು ಇಲ್ಲಿಗೆ ಬಂತು.

ಬೆಂಚಿನ ಜೊತೆ ಗಂಟೆ, ವೇಳಾಪಟ್ಟಿ, ಇಯತ್ತೆ, ಇನ್‌ಸ್ಪೆಕ್ಟರು, ವಾರ್ಷಿಕ ಪರೀಕ್ಷೆ ಎಲ್ಲವೂ ಬಂದವು. ಪುಣೆ, ಧಾರವಾಡ, ಬೆಳಗಾವಿ, ವಿಜಯಪುರ ಎಲ್ಲವೂ ಆಗ ಮುಂಬೈ ಪ್ರಾಂತದ ಒಂದೇ ಶಿಕ್ಷಣ ಖಾತೆಯ ಕೆಳಗೆ ಇದ್ದವು. ಇಲ್ಲಿನ ಮರಾಠಿ ಶಾಲೆಗೂ ಅಲ್ಲಿನ ಕನ್ನಡ ಶಾಲೆಗೂ ನಿಯಮ ಒಂದೇ. ಪರೀಕ್ಷೆಯಲ್ಲಿ ಪಾಸಾದ ಮಕ್ಕಳ ಲೆಕ್ಕ ನೋಡಿ ಶಾಲೆಗೆ ಅನುದಾನ ಕೊಡುವ ಪದ್ಧತಿಯೂ 19ನೆಯ ಶತಮಾನದ ಉತ್ತರಾರ್ಧದಲ್ಲಿ ಜಾರಿಗೆ ಬಂತು. ಸುಮ್ಮನೆ ಕೂತು ಬರೆಯಲಾರದ ಹುಡುಗ ಅಂದಿನಿಂದ ಮಾಸ್ತರರ ಸಿಟ್ಟಿಗೆ ಮಾತ್ರವಲ್ಲ, ಶಾಲೆಯ ಖರ್ಚಿಗೂ ಭಾರವಾದ. ಓಡಾಡುವ ಮಗು ಮೊದಲೂ ಇತ್ತು. ಅದು ‘ಸಮಸ್ಯೆ’ಯಾಗಿ ಎದ್ದು ಕಂಡದ್ದು ಎಲ್ಲರೂ ಕೂರಲೇಬೇಕಾದ ಕೋಣೆ ಕಟ್ಟಿದ ಮೇಲೆ.

ಯುರೋಪಿನ ವೈದ್ಯರಿಗೆ ಇದು ಅದಕ್ಕೂ ಮೊದಲೇ ಕಂಡಿತ್ತು. ಜರ್ಮನಿಯ ಮೆಲ್ಚಿಯೋರ್ ಆಡಮ್ ವೈಕಾರ್ಡ್ 1770ರ ದಶಕದಲ್ಲಿ ಗಮನದ ಕೊರತೆಯ ಬಗ್ಗೆ ಬರೆದು ತಣ್ಣೀರ ಸ್ನಾನ, ಕುದುರೆ ಸವಾರಿ, ವ್ಯಾಯಾಮಗಳನ್ನು ಹೇಳಿದ. ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಕ್ರೈಟನ್ 1798ರಲ್ಲಿ ಒಂದಿಡೀ ಅಧ್ಯಾಯವನ್ನೇ ಬರೆದ. ಕೆಲವರಿಗೆ ಹುಟ್ಟಿನಿಂದಲೇ ಒಂದು ವಿಷಯದ ಮೇಲೆ ಮನಸ್ಸು ನಿಲ್ಲದು, ಬಹಳ ಚಿಕ್ಕ ವಯಸ್ಸಿನಲ್ಲೇ ಇದು ಗೊತ್ತಾಗುತ್ತದೆ, ವಯಸ್ಸಾಗುತ್ತ ಕಡಿಮೆಯಾಗುವುದುಂಟು ಎಂದ. ಇವತ್ತಿನ ವೈದ್ಯರೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತಾರೆ. ಅಂಥವರ ಗಮನ ಕೆಡಿಸುವ ಸದ್ದುಗಳ ಪಟ್ಟಿಯಲ್ಲಿ ನಾಯಿ ಬೊಗಳುವುದರ ಜೊತೆಗೆ ಹೆಂಗಸರು ಬೈಯುವುದನ್ನೂ ಸೇರಿಸಿದ್ದಾನೆ, ಪುಣ್ಯಾತ್ಮ. ಗಂಡಸರು ಆ ಕಾಲದಲ್ಲಿ ಪಿಸುಗುಟ್ಟುತ್ತಿದ್ದರೋ ಏನೋ.

ಫ್ರಾಂಕ್‌ಫರ್ಟಿನ ಹೈನ್‌ರಿಕ್ ಹಾಫ್‌ಮನ್ ಎಂಬ ವೈದ್ಯ 1840ರ ದಶಕದಲ್ಲಿ ತನ್ನ ಮಗನಿಗೆಂದು ಶುರುಮಾಡಿದ ಚಿತ್ರಪುಸ್ತಕದಲ್ಲಿ ಫಿಲಿಪ್ ಎಂಬ ಹುಡುಗನಿದ್ದಾನೆ. ಊಟದ ಮೇಜಿನಲ್ಲಿ ಕುರ್ಚಿಯನ್ನು ಜೋಲಿ ಹೊಡೆಸುತ್ತ, ಬೀಳುವಾಗ ಮೇಜಿನ ಬಟ್ಟೆಯನ್ನು ಹಿಡಿದು ತಟ್ಟೆ ಬಟ್ಟಲುಗಳ ಸಮೇತ ಕೆಳಗೆ ಬೀಳುವವನು. ಅಪ್ಪ ಸಿಟ್ಟಿನಲ್ಲಿ, ಅಮ್ಮ ಮಾತಿಲ್ಲದೆ. ನಮ್ಮ ಮನೆಯಲ್ಲಿ ಸಾರಿನ ಪಾತ್ರೆ ಎಷ್ಟು ಸಲ ಹೀಗೆ ಹೋಗಿದೆಯೋ!

ಈ ಸರಣಿಯಲ್ಲಿ ನನಗೆ ಮುಖ್ಯವೆನಿಸುವವನು ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್. 1902ರ ಮಾರ್ಚ್‌ನಲ್ಲಿ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್‌ನಲ್ಲಿ ಅವನು ಕೊಟ್ಟ ಮೂರು ಉಪನ್ಯಾಸಗಳನ್ನು ‘ಲ್ಯಾನ್ಸೆಟ್’ ಪತ್ರಿಕೆ ಅಚ್ಚು ಹಾಕಿತು. ಬುದ್ಧಿಗೇನೂ ಕಡಿಮೆಯಿಲ್ಲದ, ಆದರೆ ತಮ್ಮನ್ನು ತಾವು ತಡೆದುಕೊಳ್ಳಲಾರದ ಮಕ್ಕಳ ಬಗ್ಗೆ ಅವನ ಮಾತು. ಅವನು ಕೊಟ್ಟ ಹೆಸರು ಚೆನ್ನಾಗಿಲ್ಲ, ‘ನೈತಿಕ ಹತೋಟಿಯ ಕೊರತೆ’ ಅಂತ. ಆದರೆ ಒಳ್ಳೆಯ ಮನೆಯಲ್ಲಿ, ಒಳ್ಳೆಯ ರೀತಿಯಲ್ಲಿ ಬೆಳೆದ ಮಕ್ಕಳಲ್ಲೂ ಇದು ಕಾಣುತ್ತದೆ, ಸಾಕಿದ ರೀತಿಯಿಂದ ಮಾತ್ರ ಬರುವುದಲ್ಲ ಎಂದು ಹೇಳಿದ. ‘ತಾಯಿ ನೌಕರಿಗೆ ಹೋದರೆ ಹೀಗೇ’ ಎನ್ನುವವರಿಗೆ ನೂರು ವರ್ಷಕ್ಕೂ ಹಿಂದೆಯೇ ಸಿಕ್ಕ ಉತ್ತರ ಅದು. ಅವಳಿ ಮಕ್ಕಳನ್ನು ಹೋಲಿಸಿ ನೋಡಿದ ಮುಂದಿನ ಅಧ್ಯಯನಗಳು ಇದರಲ್ಲಿ ವಂಶದ ಪಾಲು ಬಹಳ ದೊಡ್ಡದು ಎಂದವು. ನಮ್ಮ ಅತ್ತೆಗೆ ಯಾವ ಅಧ್ಯಯನವೂ ಬೇಕಾಗಲಿಲ್ಲ. ಮಗನನ್ನೂ ಮೊಮ್ಮಗನನ್ನೂ ಒಟ್ಟಿಗೆ ನೋಡಿದ್ದೇ ಸಾಕಾಯಿತು.

ಔಷಧದ ಕಥೆ ಆಕಸ್ಮಿಕದ್ದು. ಅಮೆರಿಕದ ರೋಡ್ ಐಲೆಂಡಿನಲ್ಲಿ ಚಾರ್ಲ್ಸ್ ಬ್ರ್ಯಾಡ್ಲಿ ಎಂಬ ವೈದ್ಯ ನಡವಳಿಕೆಯ ತೊಂದರೆಯಿದ್ದ 30 ಮಕ್ಕಳಿಗೆ ಬೆಂಜೆಡ್ರಿನ್ ಎಂಬ ಉತ್ತೇಜಕ ಮಾತ್ರೆ ಕೊಟ್ಟು 1937ರಲ್ಲಿ ವರದಿ ಬರೆದ. ಉತ್ತೇಜಕ ಕೊಟ್ಟರೆ ಇನ್ನಷ್ಟು ಕುಣಿಯಬೇಕಲ್ಲವೇ? ಆದದ್ದು ಉಲ್ಟಾ. ಸುಮಾರು ಅರ್ಧದಷ್ಟು ಮಕ್ಕಳು ಶಾಂತವಾಗಿ ಕೂತು ಪಾಠ ಮಾಡಿದರು. ಲೆಕ್ಕ ಸರಿಯಾಗಿ ಬರತೊಡಗಿದ್ದಕ್ಕೆ ಮಕ್ಕಳೇ ಅದನ್ನು ಲೆಕ್ಕದ ಗುಳಿಗೆ ಎಂದು ಕರೆದರಂತೆ. 1944ರಲ್ಲಿ ಸ್ವಿಟ್ಜರ್ಲೆಂಡಿನ ಸಿಬಾ ಕಂಪನಿಯ ಲಿಯಾಂಡ್ರೊ ಪನಿಜಾನ್ ಇನ್ನೊಂದು ಔಷಧ ತಯಾರಿಸಿ ಹೆಂಡತಿ ರೀಟಾಳ ಹೆಸರಿನಿಂದ ರಿಟಲಿನ್ ಎಂದು ಕರೆದ. ಅದರ ಮೂಲವಸ್ತು ಮೀಥೈಲ್‌ಫೆನಿಡೇಟ್ ಇವತ್ತೂ ಬಳಕೆಯಲ್ಲಿದೆ. ನಮ್ಮ ದೇಶದಲ್ಲಿ ಅದು ಕಟ್ಟುನಿಟ್ಟಿನ ಹತೋಟಿಯಲ್ಲಿರುವ ಔಷಧ, ತಜ್ಞರ ಚೀಟಿಯಿಲ್ಲದೆ ಸಿಗದು, ಎಲ್ಲ ಅಂಗಡಿಯಲ್ಲೂ ಇರದು.

ಹೆಸರು ಮಾತ್ರ ಬದಲಾಗುತ್ತಲೇ ಹೋಯಿತು. ಕೆಲಕಾಲ ‘ಮೆದುಳಿನ ಅತಿಸಣ್ಣ ದೋಷ’. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ 1968ರಲ್ಲಿ ‘ಬಾಲ್ಯದ ಅತಿಚಲನೆ’. ಕೆನಡಾದ ಮನಶ್ಶಾಸ್ತ್ರಜ್ಞೆ ವರ್ಜೀನಿಯಾ ಡಗ್ಲಸ್ 1970ರ ದಶಕದ ಆರಂಭದಲ್ಲಿ, ಇಲ್ಲಿ ಮುಖ್ಯವಾದದ್ದು ಓಡಾಟವಲ್ಲ, ಗಮನ ನಿಲ್ಲದಿರುವುದು ಮತ್ತು ತಡೆದುಕೊಳ್ಳಲಾಗದಿರುವುದು ಎಂದು ತೋರಿಸಿದರು. 1980ರ ಕೈಪಿಡಿ ಅದನ್ನು ಒಪ್ಪಿತು. ಓಡಾಡದೆ, ಗಲಾಟೆ ಮಾಡದೆ ಕೂತಲ್ಲೇ ಕಳೆದುಹೋಗುವ ಮಕ್ಕಳಿಗೂ ಈ ತೊಂದರೆ ಇರಬಹುದು ಎಂದು ಆಗ ಅಧಿಕೃತವಾಗಿ ದಾಖಲಾಯಿತು. ಎ.ಡಿ.ಎಚ್.ಡಿ. ಎಂಬ ಈಗಿನ ಹೆಸರು 1987ರದು.

ನಮ್ಮ ವೇದಿಕೆಯ ಗೆಳತಿಯರು 1980ರ ಆ ಬದಲಾವಣೆಯನ್ನು ಗಮನಿಸಬೇಕು. ಕಿಟಕಿ ಹೊರಗೆ ನೋಡುತ್ತ ಕೂತ ಹುಡುಗಿಯ ಬಗ್ಗೆ ಯಾವ ಟೀಚರೂ ಡೈರಿಯಲ್ಲಿ ಬರೆಯುವುದಿಲ್ಲ. ಅವಳು ಯಾರಿಗೂ ತೊಂದರೆ ಕೊಡುವುದಿಲ್ಲವಲ್ಲ. ‘ಮಂದ’, ‘ಮರೆಗುಳಿ’, ‘ಕನಸು ಕಾಣೋಳು’ ಅನ್ನಿಸಿಕೊಂಡು ಹೇಗೋ ಪಾಸಾಗಿ ಮದುವೆಯಾಗಿ ಹೋಗುತ್ತಾಳೆ. ಒಲೆ ಮೇಲಿಟ್ಟ ಹಾಲು ದಿನಾ ಉಕ್ಕಿಸಿ ದಿನಾ ಬೈಸಿಕೊಳ್ಳುತ್ತಾಳೆ. ಮಗನನ್ನು ತಜ್ಞರ ಹತ್ತಿರ ಕರೆದೊಯ್ದು, ಅವರು ಕೇಳುವ ಪ್ರಶ್ನೆಗಳಿಗೆ ಉತ್ತರಿಸುತ್ತ, ಇದೆಲ್ಲ ನನ್ನ ಕಥೆಯೇ ಎಂದು ಬೆಚ್ಚಿದ ತಾಯಂದಿರನ್ನು ನಾನು ಪುಣೆಯಲ್ಲೇ ಕಂಡಿದ್ದೇನೆ.

ಭಾರತಕ್ಕೆ ಬರೋಣ. ಮಕ್ಕಳ ನಡವಳಿಕೆಯನ್ನು ಬೆತ್ತದಿಂದಲ್ಲದೆ ಮಾತಿನಿಂದ ನೋಡುವ ಮೊದಲ ಚೈಲ್ಡ್ ಗೈಡೆನ್ಸ್ ಕ್ಲಿನಿಕ್ 1937ರಲ್ಲಿ ಮುಂಬೈಯಲ್ಲಿ, ಈಗ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಎನಿಸಿಕೊಂಡಿರುವ ಶಾಲೆಯಲ್ಲಿ ಆರಂಭವಾಯಿತು. ಬ್ರ್ಯಾಡ್ಲಿ ವರದಿ ಬರೆದ ವರ್ಷವೂ ಅದೇ. ಬೆಂಗಳೂರಿನಲ್ಲಿ 1954ರ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ 1974ರಲ್ಲಿ ನಿಮ್ಹಾನ್ಸ್ ಆಯಿತು. ಅಲ್ಲಿನ ತಜ್ಞರು ಬೆಂಗಳೂರಿನ 16 ವರ್ಷದವರೆಗಿನ ಎರಡು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ನೋಡಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎಲ್ಲ ಬಗೆಯ ಮಾನಸಿಕ ತೊಂದರೆಗಳೂ ಸೇರಿ ಶೇ. 12.5. ಕೊಯಮತ್ತೂರಿನ ಪ್ರಾಥಮಿಕ ಶಾಲೆಗಳಲ್ಲಿ 770 ಮಕ್ಕಳನ್ನು ನೋಡಿದ 2013ರ ಅಧ್ಯಯನದಲ್ಲಿ ಎ.ಡಿ.ಎಚ್.ಡಿ. ಒಂದೇ ಶೇ. 11ಕ್ಕಿಂತ ಹೆಚ್ಚು. ಜಗತ್ತಿನ ಅಧ್ಯಯನಗಳನ್ನು ಒಟ್ಟು ಹಾಕಿದ ಲೆಕ್ಕ ಶೇ. 5ರ ಆಸುಪಾಸು. ಟೀಚರನ್ನು ಕೇಳಿದಿರೋ, ತಾಯಿಯನ್ನೋ, ಯಾವ ಅಳತೆಗೋಲು ಹಿಡಿದಿರೋ ಎಂಬುದರ ಮೇಲೆ ಅಂಕಿ ಹೀಗೆ ಏರಿಳಿಯುತ್ತದೆ. ಹೇಗೆ ನೋಡಿದರೂ 40 ಮಕ್ಕಳ ಒಂದು ವರ್ಗದಲ್ಲಿ ಇಬ್ಬರಾದರೂ ಇರುತ್ತಾರೆ ಎಂದಿಟ್ಟುಕೊಳ್ಳಿ.

ನಮ್ಮ ಪುಣೆ ಶಾಲೆಗಳ ಊರು. ಇಲ್ಲಿ ಸದಾಶಿವ ಪೇಠೆಯಲ್ಲಿ 1962ರಲ್ಲಿ ಅಪ್ಪಾ ಪೆಂಡಸೆಯವರು ಜ್ಞಾನ ಪ್ರಬೋಧಿನಿ ಆರಂಭಿಸಿದ್ದು ಅತಿ ಬುದ್ಧಿವಂತ ಮಕ್ಕಳಿಗಾಗಿ. ಎರಡು ವರ್ಷದ ಮೇಲೆ, 1964ರಲ್ಲಿ, ಬುದ್ಧಿಮಾಂದ್ಯ ಮಕ್ಕಳಿಗಾಗಿ ಕಾಮಾಯನಿ ಶಾಲೆ ಬಂತು. ಎರಡೂ ದೊಡ್ಡ ಕೆಲಸಗಳೇ. ಆದರೆ ಈ ಎರಡು ತುದಿಗಳ ನಡುವೆ, ಬುದ್ಧಿಯಿದ್ದೂ ಕೂರಲಾರದ, ಬಾಯಲ್ಲಿ ಉತ್ತರವಿದ್ದೂ ಹಾಳೆಯ ಮೇಲೆ ಇಳಿಸಲಾರದ ಮಗು ಎಲ್ಲಿ ಹೋಗಬೇಕಿತ್ತು? ಅದಕ್ಕೆ ಸಾಮಾನ್ಯ ಶಾಲೆಯೇ ಗತಿ, ಸಾಮಾನ್ಯ ಶಾಲೆಗೆ ಅದು ‘ಪ್ರಯತ್ನ ಪಡದ ಹುಡುಗ’. ಸಾರಸಬಾಗಿನ ಹತ್ತಿರ 1985ರಲ್ಲಿ ಶೋಭಾ ಭಾಗವತರು ನಡೆಸತೊಡಗಿದ ಗರವಾರೆ ಬಾಲಭವನದಂಥ ಆಟದ ಜಾಗ ಇಂಥ ಮಕ್ಕಳಿಗೆ ಸಂಜೆಯ ಹೊತ್ತು ಉಸಿರಾಡಲು ಸಿಕ್ಕ ಕಿಟಕಿ. ಬೆಳಗಿನ ಶಾಲೆ ಹಾಗೇ ಇತ್ತು.

ಈ ನಡುವಿನ ಮಕ್ಕಳನ್ನು ಹಟ ಹಿಡಿದು ಹಿಂಬಾಲಿಸಿದ ಒಂದು ಕೆಲಸ ನಮ್ಮ ಊರಿನಲ್ಲೇ ನಡೆದಿದೆ. ಅದರ ಬಗ್ಗೆ ಪುಣೆಯವರಿಗೇ ಹೆಚ್ಚು ತಿಳಿದಂತಿಲ್ಲ. ರಾಸ್ತಾ ಪೇಠೆಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಡಾ. ಸುಧಾ ಚೌಧರಿ ಮತ್ತು ಡಾ. ಆನಂದ ಪಂಡಿತರ ತಂಡ, 1987ರ ಅಕ್ಟೋಬರ್‌ನಿಂದ 1989ರ ಏಪ್ರಿಲ್‌ವರೆಗೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದಿಂದ ಮನೆಗೆ ಹೋದ, ಎರಡು ಕಿಲೋಗಿಂತ ಕಡಿಮೆ ತೂಕದ ಶಿಶುಗಳನ್ನು ದಾಖಲು ಮಾಡಿಕೊಂಡಿತು. ಅಂಥ ಕೂಸು ಬದುಕಿ ಮನೆಗೆ ಹೋಯಿತು ಅಂದರೆ ಸಾಕು, ದೇವರು ದೊಡ್ಡವನು ಎನ್ನುವ ಕಾಲ ಅದು. ಇವರು ಅಲ್ಲಿಗೆ ಬಿಡಲಿಲ್ಲ. ಅದೇ ಮಕ್ಕಳನ್ನು 6ನೆಯ ವರ್ಷಕ್ಕೆ, 12ಕ್ಕೆ, ಕೊನೆಗೆ 18ಕ್ಕೆ ಮತ್ತೆ ಮತ್ತೆ ಕರೆಸಿ ಪರೀಕ್ಷಿಸಿದರು. ಮನೆ ಬದಲಿಸುವ, ಊರು ಬಿಡುವ ಕುಟುಂಬಗಳನ್ನು ಹದಿನೆಂಟು ವರ್ಷ ಹುಡುಕಿಕೊಂಡು ಹೋಗುವುದೆಂದರೆ ಸಾಮಾನ್ಯವಲ್ಲ. ಜನಗಣತಿಗೆ ಹೋದ ಯಾವ ಟೀಚರನ್ನಾದರೂ ಕೇಳಿ ನೋಡಿ.

12ನೆಯ ವರ್ಷದಲ್ಲಿ ಕಂಡದ್ದೇನು? ಈ ಮಕ್ಕಳ ಸರಾಸರಿ ಬುದ್ಧ್ಯಂಕ 89.5, ಸರಿಯಾದ ತೂಕದಲ್ಲಿ ಹುಟ್ಟಿದವರದು 97.2. ವ್ಯತ್ಯಾಸ ಇದೆ, ಆದರೆ ಎರಡೂ ಸಾಮಾನ್ಯ ಮಿತಿಯೊಳಗೇ. ಹಾಗಿದ್ದರೂ ಕಣ್ಣು ಮತ್ತು ಕೈ ಹೊಂದಿಸುವುದರಲ್ಲಿ, ಓದುವುದರಲ್ಲಿ, ಲೆಕ್ಕದಲ್ಲಿ ಈ ಮಕ್ಕಳು ಹಿಂದೆ ಬಿದ್ದಿದ್ದರು. ಶಾಲೆಯ ಅಂಕಗಳೂ ಕಡಿಮೆ. ಈ ಅಧ್ಯಯನ ಎ.ಡಿ.ಎಚ್.ಡಿ.ಗಾಗಿಯೇ ನಡೆದದ್ದಲ್ಲ. ಆದರೆ ತಿಂಗಳು ತುಂಬದೆ, ತೂಕವಿಲ್ಲದೆ ಹುಟ್ಟಿದ ಮಕ್ಕಳಲ್ಲಿ ಗಮನದ ತೊಂದರೆಯ ಸಂಭವ ಹೆಚ್ಚು ಎಂಬುದು ಬೇರೆ ಬೇರೆ ದೇಶಗಳಲ್ಲಿ ಕಂಡದ್ದೇ. ಪುಣೆಯ ಅಂಕಿಗಳು ನನಗೆ ಹೇಳುವುದು ಇಷ್ಟು: ‘ಬುದ್ಧಿ ಇದೆಯಲ್ಲ, ಮತ್ತೇಕೆ ಬರೆಯುವುದಿಲ್ಲ?’ ಎಂಬ ಪ್ರಶ್ನೆಯೇ ತಪ್ಪು. ಬುದ್ಧಿ ಇದ್ದೂ ಬರೆಯಲು ಬಾರದಿರುವುದು ಸಾಧ್ಯ, ಅದಕ್ಕೆ ಮಗುವಿನ ಸೋಮಾರಿತನ ಕಾರಣವಾಗಿರಬೇಕಿಲ್ಲ.

ಸರ್ಕಾರಕ್ಕೆ ಈ ಮಾತು ಮುಟ್ಟಿದ್ದು ಕಲಿಕಾ ನ್ಯೂನತೆಯ ದಾರಿಯಿಂದ. ಮುಂಬೈಯಲ್ಲಿ ಪಾಲಕರೂ ತಜ್ಞರೂ ಸೇರಿ ಮಹಾರಾಷ್ಟ್ರ ಡಿಸ್ಲೆಕ್ಸಿಯಾ ಅಸೋಸಿಯೇಶನ್ ಕಟ್ಟಿದ್ದು 1996ರಲ್ಲಿ. ಅದೇ ವರ್ಷ ಮಹಾರಾಷ್ಟ್ರ ಸರ್ಕಾರ ಓದು, ಬರಹ ಅಥವಾ ಲೆಕ್ಕದ ನಿರ್ದಿಷ್ಟ ತೊಂದರೆ ಇರುವ ಮಕ್ಕಳಿಗೆ ಹತ್ತನೆಯ ಪರೀಕ್ಷೆಯಲ್ಲಿ ರಿಯಾಯಿತಿ ಕೊಟ್ಟಿತು. ಹೆಚ್ಚಿನ ಸಮಯ, ಕಾಗುಣಿತದ ತಪ್ಪಿಗೆ ಅಂಕ ಕಡಿಯದಿರುವುದು, ಒಂದು ಭಾಷೆಯ ಬದಲಿಗೆ ಕಾರ್ಯಾನುಭವದ ವಿಷಯ, ಬೀಜಗಣಿತ ಮತ್ತು ರೇಖಾಗಣಿತದ ಬದಲಿಗೆ ಕೆಳಗಿನ ಮಟ್ಟದ ಲೆಕ್ಕ, ಹೀಗೆ. ದೇಶದಲ್ಲಿ ಇಂಥ ಹೆಜ್ಜೆ ಮೊದಲಿಟ್ಟ ರಾಜ್ಯಗಳ ಸಾಲಿನಲ್ಲಿ ನಮ್ಮದು ಮುಂದೆ. 2007ರ ಡಿಸೆಂಬರ್‌ನಲ್ಲಿ ‘ತಾರೇ ಜಮೀನ್ ಪರ್’ ಬಂತು. ಅದರ ಶಾಲೆಯ ದೃಶ್ಯಗಳು ನಮ್ಮ ಪಕ್ಕದ ಪಂಚಗಣಿಯವು. ಅಲ್ಲಿಯವರೆಗೆ ಡಿಸ್ಲೆಕ್ಸಿಯಾ ಎಂಬ ಪದವನ್ನೇ ಕೇಳದವರು ಕಣ್ಣೊರೆಸಿಕೊಂಡು ಹೊರಗೆ ಬಂದರು. ಹೆಸರೊಂದು ಮನೆಮನೆಗೆ ತಲುಪಿದ್ದು ಸರ್ಕಾರಿ ಆದೇಶದಿಂದಲ್ಲ, ಸಿನಿಮಾದಿಂದ.

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಂ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿತು. ಕೋದಂಡ, ಬಸ್ಕಿಗಳಿಗೆ ಕಾನೂನಿನ ಪೂರ್ಣವಿರಾಮ ಬಿದ್ದದ್ದು ಕ್ಯಾಂಪ್‌ಬೆಲ್ ವರದಿಯಾದ 187 ವರ್ಷಕ್ಕೆ! ಆಮೇಲೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಬಂತು. ಅಂಗವಿಕಲತೆಯ ಪಟ್ಟಿ 7ರಿಂದ 21ಕ್ಕೆ ಏರಿತು. ನಿರ್ದಿಷ್ಟ ಕಲಿಕಾ ನ್ಯೂನತೆಯೂ ಆಟಿಸಂ ಕೂಡ ಅದರಲ್ಲಿವೆ. ಎ.ಡಿ.ಎಚ್.ಡಿ. ಇಲ್ಲ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಗಮನದ ತೊಂದರೆ ಮತ್ತು ಕಲಿಕಾ ನ್ಯೂನತೆ ಎಷ್ಟೋ ಸಲ ಒಂದೇ ಮಗುವಿನಲ್ಲಿ ಒಟ್ಟಿಗೆ ಇರುತ್ತವೆ ಎಂದು ಮುಂಬೈಯ ಸಾಯನ್ ಆಸ್ಪತ್ರೆಯ ಮಕ್ಕಳ ವೈದ್ಯರು ವರ್ಷಗಳಿಂದ ಬರೆಯುತ್ತಿದ್ದಾರೆ. ಎರಡೂ ಇದ್ದರೆ ಎರಡನೆಯದರ ಹೆಸರಿನಲ್ಲಿ ಪ್ರಮಾಣಪತ್ರ ಸಿಗುತ್ತದೆ. ಬರೀ ಗಮನದ್ದೇ ತೊಂದರೆಯಾದರೆ ಪಟ್ಟಿಯಲ್ಲಿ ಅದರ ಹೆಸರೇ ಇಲ್ಲ. ಓದಲು ಬರುತ್ತದೆ, ಬರೆಯಲು ಬರುತ್ತದೆ, ಆದರೆ ಎರಡೂವರೆ ತಾಸು ಒಂದೇ ಕಡೆ ಕೂತು ಮುಗಿಸಲು ಆಗುವುದಿಲ್ಲ ಎನ್ನುವ ಮಗುವಿಗೆ ಕಾನೂನು ಏನನ್ನೂ ಹೇಳುವುದಿಲ್ಲ. ಪುಣೆಯ ಬಹಳಷ್ಟು ತಾಯಂದಿರು ಪ್ರತಿ ಜೂನ್‌ನಲ್ಲಿ ಮುಖ್ಯಾಧ್ಯಾಪಕರ ಕೋಣೆಯ ಹೊರಗೆ ಕಡತ ಹಿಡಿದು ಕಾಯುವುದು ಈ ಬಿರುಕಿನಲ್ಲಿ ಸಿಕ್ಕಿಕೊಂಡು.

ಇನ್ನು ಮನೆಯ ಮಾತು. ಯಾವುದರಿಂದ ಉಪಯೋಗ ಎಂದು ಅಮೆರಿಕದಲ್ಲಿ 579 ಮಕ್ಕಳನ್ನು ನಾಲ್ಕು ಗುಂಪು ಮಾಡಿ 14 ತಿಂಗಳು ನೋಡಿ 1999ರಲ್ಲಿ ಫಲಿತಾಂಶ ಪ್ರಕಟಿಸಿದರು. ಚಂಚಲತೆ ತಗ್ಗಿಸುವುದರಲ್ಲಿ ಎಚ್ಚರಿಕೆಯಿಂದ ಕೊಟ್ಟ ಔಷಧ ಮುಂದಿತ್ತು. ಔಷಧದ ಜೊತೆ ತಂದೆ, ತಾಯಿ, ಟೀಚರುಗಳಿಗೂ ತರಬೇತಿ ಕೊಟ್ಟ ಗುಂಪಿನಲ್ಲಿ ಮನೆಯವರ ಜೊತೆಗಿನ ಸಂಬಂಧದಂಥ ವಿಷಯಗಳೂ ಸುಧಾರಿಸಿದವು. ಕೆಲವು ವರ್ಷಗಳ ನಂತರ ನೋಡಿದಾಗ ಗುಂಪುಗಳ ನಡುವಿನ ಅಂತರ ಅಳಿಸಿಹೋಗಿತ್ತು. ಅಂದರೆ ಒಂದು ಸಲ ಮಾಡಿ ಮುಗಿಸುವ ಚಿಕಿತ್ಸೆ ಇದಲ್ಲ, ಬಿಡದೆ ನಡೆಸಬೇಕು. ಔಷಧ ಬೇಕೋ ಬೇಡವೋ ಎನ್ನುವುದನ್ನು ವೈದ್ಯರಿಗೆ ಬಿಡಿ. ವಾಟ್ಸಾಪಿನಲ್ಲಿ ಬರುವ ಹೆದರಿಕೆಯನ್ನೂ ಭರವಸೆಯನ್ನೂ ಒಟ್ಟಿಗೇ ಅಳಿಸಿಹಾಕಿ.

ನಮಗೆ ಕೆಲಸಕ್ಕೆ ಬಂದದ್ದು ಡೈರಿಯೇ. 1970ರ ದಶಕದಿಂದ ಬಳಕೆಯಲ್ಲಿರುವ ಒಂದು ಕ್ರಮವಿದೆ, ದಿನದ ವರದಿ ಕಾರ್ಡು. ಮೂರು ಗುರಿಗಳನ್ನು ಮಾತ್ರ ಬರೆಯಬೇಕು. ‘ಒಳ್ಳೆಯವನಾಗಿರಬೇಕು’ ಎಂದಲ್ಲ, ‘ಮೊದಲ ತಾಸಿನಲ್ಲಿ ಬೋರ್ಡಿನ ಐದು ಸಾಲು ಬರೆಯುತ್ತೇನೆ’ ಎಂಬಂತೆ, ಆದದ್ದು ಕಣ್ಣಿಗೆ ಕಾಣುವ ಹಾಗೆ. ಟೀಚರ್ ಪ್ರತಿ ತಾಸಿಗೆ ಒಂದು ಸರಿ ಗುರುತು ಹಾಕಿದರೆ ಸಾಕು. ಮನೆಯಲ್ಲಿ ಆ ಸಂಜೆಯೇ ಅದಕ್ಕೆ ಫಲ. ತಿಂಗಳ ಕೊನೆಯ ಸೈಕಲ್ಲಿನ ಆಸೆ ಈ ಮಕ್ಕಳಿಗೆ ಹಿಡಿಸುವುದಿಲ್ಲ. ಇವತ್ತಿನ ಅರ್ಧ ತಾಸಿನ ಆಟ ಹಿಡಿಸುತ್ತದೆ. ಮೂರನೆಯ ಇಯತ್ತೆಯ ಟೀಚರ್ ಇದಕ್ಕೆ ಒಪ್ಪಿದರು. ಅವನನ್ನು ಕಿಟಕಿ, ಬಾಗಿಲುಗಳಿಂದ ದೂರ ಮುಂದಿನ ಬೆಂಚಿಗೆ ತಂದರು. ತಾಸಿಗೊಮ್ಮೆ ಪುಸ್ತಕ ಹಂಚುವ, ಚಾಕ್‌ಪೀಸ್ ತರುವ ಕೆಲಸ ಕೊಟ್ಟು ಕಾಲಿನ ಚಕ್ರಕ್ಕೆ ಒಂದು ದಾರಿ ಮಾಡಿದರು. ಆ ವರ್ಷದ ಡೈರಿಯಲ್ಲಿ ಕೆಂಪು ಶಾಯಿ ಇಲ್ಲವೆಂದಲ್ಲ. ಹಸಿರೂ ಇದೆ.

ಮನೆಯಲ್ಲಿ ನಾನು ಕಲಿತದ್ದು ಮಾತು ಕಡಿಮೆ ಮಾಡುವುದನ್ನು. ‘ಬೂಟು ಹಾಕು, ಡಬ್ಬಿ ತಗೋ, ನೀರು ತುಂಬಿಸು, ಬಸ್ಸು ಬಂತು’ ಎಂದು ಒಂದೇ ಉಸಿರಿನಲ್ಲಿ ಹೇಳಿದರೆ ಅವನಿಗೆ ಕೇಳುವುದು ಬಸ್ಸೊಂದೇ. ಒಂದು ಸಲಕ್ಕೆ ಒಂದು ಮಾತು, ಅದೂ ಹತ್ತಿರ ಹೋಗಿ. ಉಳಿದದ್ದು ಬಾಗಿಲ ಹಿಂದಿನ ಚಿತ್ರಪಟ್ಟಿಯಲ್ಲಿ. ಕ್ರೈಟನ್ ಸಾಹೇಬ ಬೈಗುಳದ ಬಗ್ಗೆ ಹೇಳಿದ್ದು ಅಷ್ಟರಮಟ್ಟಿಗೆ ನಿಜವೇ, ಒಪ್ಪಿಕೊಂಡುಬಿಡುತ್ತೇನೆ.

ನಮ್ಮಂಥ ಮನೆಗಳಿಗೆ ಇನ್ನೊಂದು ತೊಡಕಿದೆ. ಮನೆಯಲ್ಲಿ ಕನ್ನಡ, ಕೆಳಗೆ ಆಟದಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷು, ಹಿಂದಿ. 2020ರ ಕಾಯ್ದೆಯ ನಂತರ ಈ ರಾಜ್ಯದ ಎಲ್ಲ ಬೋರ್ಡುಗಳ ಶಾಲೆಯಲ್ಲೂ ಮರಾಠಿ ಕಡ್ಡಾಯ. ಹುಡುಗ ಹಿಂದೆ ಬಿದ್ದಾಗ ಮೊದಲು ಬರುವ ಸಲಹೆ, “ಮನೆಯಲ್ಲಿ ಕನ್ನಡ ಬಿಡಿ, ಇಂಗ್ಲಿಷ್ ಮಾತಾಡಿ.” ನಮಗೂ ಒಬ್ಬರು ಹಾಗೆ ಹೇಳಿದರು, ನಾವು ಆರು ತಿಂಗಳು ಪಾಲಿಸಿಯೂ ಪಾಲಿಸಿದೆವು. ಗಮನವೇನೂ ಸುಧಾರಿಸಲಿಲ್ಲ. ಅಜ್ಜಿಯ ಜೊತೆ ಮಾತು ನಿಂತಿತು, ಅಷ್ಟೇ. ದಿನವಿಡೀ ತಪ್ಪು ಕೇಳಿಸಿಕೊಂಡು ಬಂದ ಮಗುವಿಗೆ ತಪ್ಪು ಹುಡುಕದೆ ಮಾತಾಡುವ ಒಬ್ಬಳೇ ಒಬ್ಬಳನ್ನು ನಾವೇ ದೂರ ಮಾಡಿದ್ದೆವು. ಎರಡು ಮೂರು ಭಾಷೆ ಕೇಳಿ ಬೆಳೆಯುವುದರಿಂದ ಎ.ಡಿ.ಎಚ್.ಡಿ. ಬರುವುದಿಲ್ಲ, ಮನೆಮಾತು ಬಿಡಿ ಎನ್ನಲು ಕಾರಣವಿಲ್ಲ ಎಂದು ಆಮೇಲೆ ತಜ್ಞರು ಸ್ಪಷ್ಟವಾಗಿ ಹೇಳಿದರು. ಪರೀಕ್ಷೆಗೆ ಎಷ್ಟು ಭಾಷೆ ಎನ್ನುವುದು ಒಂದು ಪ್ರಶ್ನೆ, ಮನೆಯಲ್ಲಿ ಯಾವ ಭಾಷೆ ಎನ್ನುವುದು ಬೇರೆಯೇ ಪ್ರಶ್ನೆ. ಎರಡನ್ನೂ ಕಲಸಬೇಡಿ.

ಅತ್ತೆ ಮರಳಿ ಬಂದಾಗ ದೊಡ್ಡ ಪರಾತದಲ್ಲಿ ರವೆ ಹರಡಿ, ಬೆರಳು ಹಿಡಿದು ಅ, ಆ ತಿದ್ದಿಸತೊಡಗಿದರು. ತಿದ್ದುತ್ತ ಗಟ್ಟಿಯಾಗಿ ಹೇಳಬೇಕು. ಕಾಲು ಬೇಕಾದರೆ ಆಡಿಸಿಕೋ, ಅಡ್ಡಿಯಿಲ್ಲ. ಕೋಥರೂಡಿನಲ್ಲಿ ನಾವು ವಾರಕ್ಕೆರಡು ಸಲ ದುಡ್ಡು ಕೊಟ್ಟು ಹೋಗುತ್ತಿದ್ದ ಥೆರಪಿಸ್ಟರ ಕೋಣೆಯಲ್ಲೂ ಮರಳಿನದೇ ಒಂದು ಟ್ರೇ ಇತ್ತು. ಇದನ್ನು ಅತ್ತೆಗೆ ಹೇಳಿದೆ. “ನಮ್ಮ ಕಾಲದಾಗ ಇದಕ್ಕ ಫೀ ಇರಲಿಲ್ಲವಾ” ಅಂದರು.

ಮಗ ಈಗ ಒಂಬತ್ತನೆಯಲ್ಲಿದ್ದಾನೆ. ಬರವಣಿಗೆಯ ನ್ಯೂನತೆಯೂ ಇದೆಯೆಂದು ಪರೀಕ್ಷೆಯಲ್ಲಿ ಕಂಡಿದ್ದರಿಂದ ಅವನಿಗೆ ಪ್ರಮಾಣಪತ್ರ ಸಿಕ್ಕಿದೆ, ಮುಂದಿನ ವರ್ಷದ ಬೋರ್ಡ್ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಸಿಗುತ್ತದೆ. ಅವನ ಜೊತೆಯಲ್ಲೇ ಆಡಿ ಬೆಳೆದ ಗೆಳೆಯನೊಬ್ಬನಿದ್ದಾನೆ, ಅವನ ಅಮ್ಮ ವಿಜಯಪುರದವರು. ಆ ಹುಡುಗನ ತೊಂದರೆ ಗಮನದ್ದು ಮಾತ್ರ. ಮನೋವೈದ್ಯರ ಪತ್ರ, ಐದು ವರ್ಷದ ವರದಿಗಳು ಎಲ್ಲ ಜೋಡಿಸಿ, ಒಂದು ಶಾಂತ ಕೋಣೆ ಮತ್ತು ಮಧ್ಯೆ ಹತ್ತು ನಿಮಿಷ ಎದ್ದು ಓಡಾಡಲು ಅನುಮತಿ ಕೇಳಿ ಅವರು ಜೂನ್‌ನಲ್ಲಿ ಅರ್ಜಿ ಹಾಕಿದರು. ಇದನ್ನು ಬರೆಯುವ ಹೊತ್ತಿಗೆ ಇನ್ನೂ ಉತ್ತರ ಬಂದಿಲ್ಲ.